ಎಂಬಿಬಿಎಸ್ ಮೊದಲ ವರ್ಷ: ಯಾವ ಪುಸ್ತಕ ಕೊಳ್ಳೋದು, ಯಾವುದು ಬಿಡೋದು?

ತುಂಗಾತೀರ

ತಂಗಿಗೆ ಕೆಇಎ ಎರಡನೇ ಸುತ್ತಿನಲ್ಲಿ ಸರ್ಕಾರಿ ಕಾಲೇಜಲ್ಲಿ ಎಂಬಿಬಿಎಸ್ ಸೀಟು ಆಗಿದೆ. ಕ್ಲಾಸ್ ಶುರುವಾಗೋಕೆ ಮೂರು ವಾರ ಇದೆ. ಸೀನಿಯರ್‌ಗಳ ವಾಟ್ಸಾಪ್ ಗುಂಪಿನಿಂದ ಒಂದು ಪಟ್ಟಿ ಬಂದಿದೆ. ಅನಾಟಮಿಗೇ (ಶರೀರರಚನೆ) ಒಂಬತ್ತು ಪುಸ್ತಕ, ಒಟ್ಟು ಹತ್ತೊಂಬತ್ತು. ಇಷ್ಟೂ ಬೇಕಾ? ಹಳೆ ಎಡಿಷನ್ ನಡೆಯುತ್ತಾ? ಮೂಳೆ ಸೆಟ್ ಈಗಲೇ ತಗೋಬೇಕಾ? ಅವಳು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಪಿಯುಸಿ ಮಾತ್ರ ಇಂಗ್ಲಿಷು. ಈ ಮೂರು ವಾರದಲ್ಲಿ ಏನು ಓದಿಕೊಂಡು ಹೋದರೆ ಅನುಕೂಲ?

ಬಿಳಿಕೋಟು

ಪಟ್ಟಿ ಮಡಚಿ ಜೇಬಲ್ಲಿಡಿ. ಕ್ಲಾಸ್ ಶುರುವಾದ ಮೊದಲ ಎರಡು ವಾರ ಫೌಂಡೇಷನ್ ಕೋರ್ಸಲ್ಲಿ ಕಳೆಯುತ್ತೆ, ಪಾಠ ಅಷ್ಟಾಗಿ ಇರಲ್ಲ. ಡಿಸೆಕ್ಷನ್ (ಶವ ಕೊಯ್ದು ಕಲಿಯೋದು) ಯಾವ ಭಾಗದಿಂದ ಶುರು ಅನ್ನೋದು ಆಗ ಗೊತ್ತಾಗುತ್ತೆ. ಬಹಳ ಕಡೆ ಅಪ್ಪರ್ ಲಿಂಬ್, ಕೆಲವು ಕಡೆ ಲೋಯರ್ ಲಿಂಬ್. ಆ ಒಂದು ಸಂಪುಟ ಮಾತ್ರ ಮೊದಲು ಕೊಳ್ಳಿ. ತಲೆ-ಕುತ್ತಿಗೆ ಭಾಗಕ್ಕೆ ಬರೋದು ತಿಂಗಳುಗಳ ನಂತರ, ಅಷ್ಟರಲ್ಲಿ ಅವಳಿಗೆ ಯಾವ ಲೇಖಕರ ಬರವಣಿಗೆ ಹಿಡಿಸುತ್ತೆ ಅಂತ ಅವಳಿಗೇ ತಿಳಿದಿರುತ್ತೆ.

ಕಾಲೇಜ್ ಲೈಬ್ರರಿಯ ಬುಕ್ ಬ್ಯಾಂಕ್ ವಿಚಾರಿಸಿ. ಎಸ್‌ಸಿ, ಎಸ್‌ಟಿ ವಿದ್ಯಾರ್ಥಿಗಳಿಗೆ ಪ್ರತ್ಯೇಕ ಬುಕ್ ಬ್ಯಾಂಕ್ ಯೋಜನೆಯೇ ಇದೆ. ಅರ್ಜಿ ಕೊಡೋದು ತಡವಾದರೆ ಒಳ್ಳೆ ಪ್ರತಿಗಳು ಖಾಲಿಯಾಗಿರುತ್ತವೆ.

ಟೇಬಲ್‌ನಂಬರ್4

ಅನಾಟಮಿ ಬಗ್ಗೆ ಹೇಳ್ತೀನಿ, ಪಟ್ಟಿ ಉದ್ದ ಆಗೋದೇ ಇಲ್ಲಿ.

ಮುಖ್ಯ ಪಠ್ಯ ಒಂದೇ ಇರಲಿ: ಬಿ.ಡಿ. ಚೌರಾಸಿಯಾ ಅಥವಾ ವಿಶ್ರಾಮ್ ಸಿಂಗ್. ಈಗಿನ ಚೌರಾಸಿಯಾ ನಾಲ್ಕು ಸಂಪುಟ: ಒಂದರಲ್ಲಿ ಅಪ್ಪರ್ ಲಿಂಬ್ ಮತ್ತು ಥೊರಾಕ್ಸ್, ಎರಡರಲ್ಲಿ ಲೋಯರ್ ಲಿಂಬ್, ಅಬ್ಡಾಮೆನ್, ಪೆಲ್ವಿಸ್, ಮೂರರಲ್ಲಿ ಹೆಡ್ ಆ್ಯಂಡ್ ನೆಕ್, ನಾಲ್ಕರಲ್ಲಿ ಮೆದುಳು. ವಿಶ್ರಾಮ್ ಸಿಂಗ್ ಮೂರು ಸಂಪುಟ, ಮೆದುಳು ಮೂರನೆಯದರಲ್ಲೇ ಸೇರಿದೆ. ಚೌರಾಸಿಯಾ ಚಿತ್ರಗಳು ಪರೀಕ್ಷೆಯಲ್ಲಿ ಮೂರು ನಿಮಿಷಕ್ಕೆ ಬಿಡಿಸುವಷ್ಟು ಸರಳ. ವಿಶ್ರಾಮ್ ಸಿಂಗ್ ಓದೋಕೆ ಸಲೀಸು, ಕ್ಲಿನಿಕಲ್ ಭಾಗ ಅಚ್ಚುಕಟ್ಟು. ಎರಡನ್ನೂ ಕೊಂಡು ಅದರಲ್ಲರ್ಧ ಇದರಲ್ಲರ್ಧ ಓದೋದು ಮಾತ್ರ ಬೇಡ. ಪುನರಾವರ್ತನೆ ಹೊತ್ತಿಗೆ ಯಾವುದು ಎಲ್ಲಿತ್ತು ಅಂತ ಹುಡುಕೋದರಲ್ಲೇ ದಿನ ಹೋಗುತ್ತೆ.

ಅಟ್ಲಾಸ್ (ಚಿತ್ರಗಳ ಪುಸ್ತಕ) ಒಂದು ಬೇಕೇ ಬೇಕು. ನೆಟ್ಟರ್ ಸಾಕು, ಹಳೆಯದಾದರೂ ಸರಿ. ನರ, ರಕ್ತನಾಳ ಎಡಿಷನ್ ನೋಡಿ ಜಾಗ ಬದಲಿಸಲ್ಲ.

ಡಿಸೆಕ್ಷನ್‌ಗೆ ಕನಿಂಗ್‌ಹ್ಯಾಮ್ ಮ್ಯಾನುಯಲ್. ಮೂರು ಸಂಪುಟ: ಕೈಕಾಲು, ಎದೆ-ಹೊಟ್ಟೆ, ತಲೆ-ಕುತ್ತಿಗೆ-ಮೆದುಳು. ಟೇಬಲ್‌ಗೆ ಒಂದು ಪ್ರತಿ ಇದ್ದರೆ ಸಾಕು, ನಾಲ್ಕೈದು ಜನ ಹಣ ಹಾಕಿ ಕೊಳ್ಳಬಹುದು. ಫಾರ್ಮಲಿನ್ ಅಂಟಿದ ಗ್ಲೌಸ್‌ನಲ್ಲೇ ಪುಟ ತಿರುಗಿಸ್ತಾರೆ, ಆಮೇಲೆ ಆ ಪುಸ್ತಕ ಹಾಸ್ಟೆಲ್ ಮಂಚಕ್ಕೆ ಬರಬಾರದು. ಒಬ್ಬರು ಕೈ ತೊಳೆದು ಓದಿ ಹೇಳಲಿ, ಉಳಿದವರು ಕೆಲಸ ಮಾಡಲಿ.

ಎಂಬ್ರಿಯಾಲಜಿಗೂ (ಭ್ರೂಣದ ಬೆಳವಣಿಗೆ) ಹಿಸ್ಟಾಲಜಿಗೂ (ಮೈಕ್ರೋಸ್ಕೋಪಲ್ಲಿ ಅಂಗಾಂಶ ನೋಡೋದು) ಚೌರಾಸಿಯಾ ಸಾಲದು. ಎರಡಕ್ಕೂ ಇಂದರ್‌ಬೀರ್ ಸಿಂಗ್ ಪುಸ್ತಕಗಳಿವೆ. ಲ್ಯಾಂಗ್‌ಮನ್ ಚೆನ್ನಾಗಿದೆ, ಲೈಬ್ರರಿಯಲ್ಲೇ ಓದಿ. ಜನರಲ್ ಅನಾಟಮಿಗೆ ಚೌರಾಸಿಯಾದೇ ತೆಳ್ಳನೆಯ ಹ್ಯಾಂಡ್‌ಬುಕ್ ಇದೆ. ಈಗ ಕೊಳ್ಳಲೇಬೇಕು ಅನ್ನೋದಾದರೆ ಅದೊಂದನ್ನೇ.

ಎರಡನೇಫೇಸು

ಹಿಸ್ಟಾಲಜಿ ಪುಸ್ತಕ ದಯವಿಟ್ಟು ಜೆರಾಕ್ಸ್ ಮಾಡಿಸಬೇಡಿ. ಸ್ಲೈಡ್‌ಗೆ ಹಾಕೋ ಬಣ್ಣಗಳಲ್ಲಿ ಹೆಮಟಾಕ್ಸಿಲಿನ್ ನೀಲಿ, ಇಯೋಸಿನ್ ಗುಲಾಬಿ, ಆ ಎರಡು ಬಣ್ಣದಲ್ಲೇ ಇಡೀ ವಿಷಯ ಇರೋದು. ಕಪ್ಪುಬಿಳುಪಿನಲ್ಲಿ ಥೈರಾಯ್ಡೂ ಒಂದೇ, ಲ್ಯಾಕ್ಟೇಟಿಂಗ್ ಮ್ಯಾಮರಿ ಗ್ಲ್ಯಾಂಡೂ ಒಂದೇ.

ಟೇಬಲ್‌ನಂಬರ್4

ಆ ಎರಡು ಸ್ಲೈಡ್ ಬಣ್ಣದಲ್ಲೂ ಗೊಂದಲ ಮಾಡುತ್ತವೆ. ಮ್ಯಾಮರಿಯಲ್ಲಿ ಲೋಬ್ಯೂಲ್‌ಗಳ ಮಧ್ಯೆ ಕನೆಕ್ಟಿವ್ ಟಿಶ್ಯೂ ಗೋಡೆ ಮತ್ತು ಡಕ್ಟ್ ಹುಡುಕಬೇಕು. ಥೈರಾಯ್ಡ್‌ನಲ್ಲಿ ಡಕ್ಟ್ ಇರಲ್ಲ, ಫಾಲಿಕಲ್ ತುಂಬ ಒಂದೇ ಸಮನೆ ಗುಲಾಬಿ ಕೊಲಾಯ್ಡ್.

ತುಂಗಾತೀರ

ಧನ್ಯವಾದ. ಮೂಳೆ ಸೆಟ್? ಸೀನಿಯರ್ ಒಬ್ಬರು ಫುಲ್ ಸೆಟ್ ಮಾರೋಕಿದೆ ಅಂತಿದ್ದಾರೆ.

ಟೇಬಲ್‌ನಂಬರ್4

ಮೊದಲು ಡಿಪಾರ್ಟ್‌ಮೆಂಟ್ ಕೇಳಿ. ಠೇವಣಿ ಕಟ್ಟಿಸಿಕೊಂಡು ಮೂಳೆ ಎರವಲು ಕೊಡುವ ಕಾಲೇಜುಗಳಿವೆ. ಎಲ್ಲಿಂದ ಬಂತು ಅಂತ ಹೇಳಲಾಗದ ನಿಜ ಮೂಳೆಯನ್ನು ಯಾರಿಂದಲೂ ಕೊಳ್ಳಬೇಡಿ.

ಪ್ಲಾಸ್ಟಿಕ್ ಸೆಟ್ ತಗೊಂಡರೆ ಅಂಗಡಿಯಲ್ಲೇ ಬಿಚ್ಚಿ ನೋಡಿ. ಹ್ಯೂಮರಸ್ ಹಿಂಬದಿಯ ಸ್ಪೈರಲ್ ಗ್ರೂವ್ ಬೆರಳಿಗೆ ಸಿಗಬೇಕು. ಫೀಮರ್‌ನ ಲಿನಿಯಾ ಆಸ್ಪೆರಾ ಗೆರೆಗಳು ಬೇರೆಬೇರೆಯಾಗಿ ಕಾಣಬೇಕು. ಕ್ಲಾವಿಕಲ್ ಕೆಳಮುಖದಲ್ಲಿ ಸಬ್‌ಕ್ಲೇವಿಯಸ್ ಗ್ರೂವ್ ಇರಬೇಕು. ಅಗ್ಗದ ಅಚ್ಚುಗಳಲ್ಲಿ ಇವೆಲ್ಲ ಸವೆದಂತೆ ಇರುತ್ತವೆ, ನ್ಯೂಟ್ರಿಯೆಂಟ್ ಫೊರಾಮೆನ್ (ರಕ್ತನಾಳ ಮೂಳೆಯೊಳಗೆ ಹೋಗುವ ರಂಧ್ರ) ಇರೋದೇ ಇಲ್ಲ. ವೈವಾದಲ್ಲಿ (ಮೌಖಿಕ ಪರೀಕ್ಷೆ) ಕೇಳೋದು ಅದನ್ನೇ: ರಂಧ್ರ ಯಾವ ದಿಕ್ಕಿಗೆ? ಕೈಯಲ್ಲಿ ಮೊಣಕೈ ಕಡೆಗೆ, ಕಾಲಲ್ಲಿ ಮಂಡಿಯಿಂದ ದೂರಕ್ಕೆ.

ಎಣಿಸಿ ತಗೊಳ್ಳಿ: ದವಡೆ ಸಹಿತ ತಲೆಬುರುಡೆ, ಸ್ಕ್ಯಾಪುಲಾ, ಕ್ಲಾವಿಕಲ್, ಹ್ಯೂಮರಸ್, ರೇಡಿಯಸ್, ಅಲ್ನಾ, ಜೋಡಿಸಿದ ಕೈ, ಹಿಪ್ ಬೋನ್, ಫೀಮರ್, ಪಟೆಲ್ಲಾ, ಟಿಬಿಯಾ, ಫಿಬ್ಯುಲಾ, ಜೋಡಿಸಿದ ಪಾದ, ಸ್ಟರ್ನಮ್, ಮೊದಲ ಮತ್ತು ಎರಡನೇ ಪಕ್ಕೆಲುಬು, ಒಂದು ಸಾಮಾನ್ಯ ಪಕ್ಕೆಲುಬು, ಬೆನ್ನೆಲುಬಿನ ಮಣಿಗಳಲ್ಲಿ ಅಟ್ಲಾಸ್, ಆಕ್ಸಿಸ್, ಏಳನೇ ಸರ್ವೈಕಲ್, ತಲಾ ಒಂದು ಥೊರಾಸಿಕ್ ಮತ್ತು ಲಂಬಾರ್, ಸೇಕ್ರಮ್. ಸೆಕೆಂಡ್‌ಹ್ಯಾಂಡ್ ಸೆಟ್‌ನಲ್ಲಿ ಕಾಣೆಯಾಗೋದು ಯಾವಾಗಲೂ ಪಟೆಲ್ಲಾ ಮತ್ತು ಮೊದಲ ಪಕ್ಕೆಲುಬು.

ಎಡ-ಬಲ ಗುರುತಿಸೋದು ಕಷ್ಟ ಅನಿಸೋದು ಫಿಬ್ಯುಲಾದಲ್ಲಿ. ಕೆಳತುದಿಯಲ್ಲಿ ತ್ರಿಕೋನಾಕಾರದ ನುಣುಪು ಮುಖ ಒಳಬದಿಗೆ, ಅದರ ಹಿಂದಿನ ಗುಳಿ ಹಿಂಬದಿಗೆ ಬರುವ ಹಾಗೆ ಹಿಡಿದರೆ ಮುಗೀತು.

ಹಸಿರುಶಾಯಿ

ಫಿಸಿಯಾಲಜಿಯಲ್ಲಿ ಎಲ್ಲರೂ ಗೈಟನ್ ಅಂತಾರೆ. ನನ್ನ ಭಿನ್ನಾಭಿಪ್ರಾಯ ಇದೆ. ಗೈಟನ್ ಅರ್ಥ ಮಾಡಿಸೋಕೆ ಬಹಳ ದೊಡ್ಡ ಪುಸ್ತಕ, ರಕ್ತಪರಿಚಲನೆ ಮತ್ತು ಕಿಡ್ನಿ ಭಾಗಕ್ಕೆ ಅದನ್ನು ಮೀರಿಸೋದು ಕಷ್ಟ. ಆದರೆ ಐದು ಅಂಕದ ಪ್ರಶ್ನೆಗೆ ಅದರಲ್ಲಿ ಉತ್ತರ ಹುಡುಕಿದರೆ ಹದಿನೈದು ಪುಟದಲ್ಲಿ ಹರಡಿಕೊಂಡಿರುತ್ತೆ. ಬರೆಯೋಕೆ ಎ.ಕೆ. ಜೈನ್ ಎರಡು ಸಂಪುಟ, ಇಲ್ಲವೇ ಇಂದು ಖುರಾನಾ. ಸೆಂಬುಲಿಂಗಂ ಭಾಷೆ ತಿಳಿಯಾಗಿದೆ, ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಓದಿಗೆ ಒಳ್ಳೆಯದು, ಆದರೆ "ಯಾಕೆ" ಅನ್ನೋದಕ್ಕೆ ಅಲ್ಲಿ ಜಾಗ ಕಡಿಮೆ.

ಬಿಳಿಕೋಟು

ಒಪ್ಪಲ್ಲ. ಗೈಟನ್ ಓದದೆ ಹೋದವರು ಕಾರ್ಡಿಯಾಕ್ ಸೈಕಲ್ ಗ್ರಾಫ್‌ನ ಗೆರೆಗಳನ್ನು ಬಾಯಿಪಾಠ ಮಾಡ್ತಾರೆ. ಏಯಾರ್ಟಿಕ್ ವಾಲ್ವ್ ಯಾವ ಕ್ಷಣ ತೆರೆಯುತ್ತೆ, ಯಾಕೆ ಅಂದರೆ ಮೌನ.

ಹಸಿರುಶಾಯಿ

ಆ ಅಧ್ಯಾಯ ಓದಬೇಡಿ ಅಂತ ಹೇಳಿಲ್ಲವಲ್ಲ! ಹೃದಯ, ರಕ್ತದೊತ್ತಡ ನಿಯಂತ್ರಣ, ಕಿಡ್ನಿ, ಉಸಿರಾಟ, ಇಷ್ಟು ಗೈಟನ್‌ನಲ್ಲಿ ಓದಲಿ. ಉಳಿದದ್ದು ಭಾರತೀಯ ಪಠ್ಯದಲ್ಲಿ. ಕಾರ್ಡಿಯಾಕ್ ಸೈಕಲ್‌ಗೆ ಮೊದಲು ಸಮಯದ ಪಟ್ಟಿ ಹಾಕಲಿ: ನಿಮಿಷಕ್ಕೆ 75 ಬಡಿತ ಅಂದರೆ ಒಂದು ಸುತ್ತು 0.8 ಸೆಕೆಂಡ್. ಏಟ್ರಿಯಲ್ ಸಿಸ್ಟೊಲ್ 0.1, ವೆಂಟ್ರಿಕ್ಯುಲರ್ ಸಿಸ್ಟೊಲ್ 0.3, ವೆಂಟ್ರಿಕ್ಯುಲರ್ ಡಯಾಸ್ಟೊಲ್ 0.5. ಆಮೇಲೆ ಒತ್ತಡದ ಗೆರೆ, ಅದರ ಕೆಳಗೆ ವಾಲ್ಯೂಮ್, ಇಸಿಜಿ, ಹೃದಯದ ಶಬ್ದ, ಎಲ್ಲಾ ಒಂದೇ ಲಂಬರೇಖೆಗೆ ಹೊಂದಿಸಿ ಕೈಯಾರೆ ಬಿಡಿಸಬೇಕು. ವೆಂಟ್ರಿಕಲ್ ಒತ್ತಡ ಏಯಾರ್ಟಾ ಒತ್ತಡವನ್ನು ದಾಟಿದ ಬಿಂದುವಿಗೆ ಗೆರೆ ಎಳೆದರೆ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಮೈಟೊಕಾಂಡ್ರಿಯ

ಬಯೋಕೆಮಿಸ್ಟ್ರಿಯನ್ನು ಯಾರೂ ಕೇಳಿಲ್ಲ, ಎಂದಿನಂತೆ. ಮೊದಲ ವರ್ಷ ಅನಾಟಮಿ ಎಲ್ಲರ ಹೊತ್ತನ್ನೂ ನುಂಗುತ್ತೆ, ಬಯೋಕೆಮಿಸ್ಟ್ರಿ ಕೊನೇ ತಿಂಗಳಿಗೆ ಬೀಳುತ್ತೆ, ಕೊನೆಗೆ ಕೈಕೊಡೋದು ಇದೇ.

ವಾಸುದೇವನ್ ಅಥವಾ ಸತ್ಯನಾರಾಯಣ, ಯಾವುದಾದರೂ ಒಂದು. ಲಿಪ್ಪಿನ್‌ಕಾಟ್ ಚಿತ್ರಗಳಿಗೆ ಚೆಂದ, ಲೈಬ್ರರಿಯಲ್ಲಿ ನೋಡಿ. ಹಾರ್ಪರ್ ಮೊದಲ ವರ್ಷಕ್ಕೆ ಕೊಳ್ಳಬೇಕಿಲ್ಲ.

ಹಳೆ ಎಡಿಷನ್ ಕೇಳಿದಿರಿ. ಅನಾಟಮಿಗೆ ನಡೆಯುತ್ತೆ, ಇಲ್ಲಿ ನಡೆಯಲ್ಲ. ಹಳೆ ಪುಸ್ತಕಗಳಲ್ಲಿ ಒಂದು ಎನ್‌ಎಡಿಎಚ್‌ಗೆ 3 ಎಟಿಪಿ (ಜೀವಕೋಶದ ಶಕ್ತಿಯ ಅಣು), ಎಫ್‌ಎಡಿಎಚ್2ಗೆ 2 ಅಂತ ಲೆಕ್ಕ. ಈಗ 2.5 ಮತ್ತು 1.5. ಹಾಗಾಗಿ ಒಂದು ಗ್ಲುಕೋಸ್ ಪೂರ್ತಿ ಉರಿದರೆ 38 ಇದ್ದದ್ದು 32 ಆಯಿತು, ಟಿಸಿಎ ಸೈಕಲ್ ಒಂದು ಸುತ್ತಿಗೆ 12 ಇದ್ದದ್ದು 10, ಪಾಮಿಟಿಕ್ ಆಸಿಡ್ 129 ಇದ್ದದ್ದು 106. ಅಣ್ಣನ ಕಾಲದ ಪುಸ್ತಕ ಓದಿದವರು ಹಳೆ ಅಂಕಿಯನ್ನೇ ಬರೆದು ಬರ್ತಾರೆ. ಮೊತ್ತ ಬಾಯಿಪಾಠ ಮಾಡೋ ಬದಲು ಯಾವ ಹೆಜ್ಜೆಯಲ್ಲಿ ಯಾವ ಕೋಎನ್‌ಜೈಮ್ ಹುಟ್ಟುತ್ತೆ ಅಂತ ಬರೆದು ಕೂಡಿಸೋದು ಕಲಿತರೆ ಎಡಿಷನ್ ಬದಲಾದರೂ ಹೆದರಿಕೆಯಿಲ್ಲ.

ಮೂರೂ ವಿಷಯಕ್ಕೆ ಅನ್ವಯಿಸುವ ಇನ್ನೊಂದು ಮಾತು: 2019ರಲ್ಲಿ ಸಿಬಿಎಂಇ (ಸಾಮರ್ಥ್ಯ ಆಧಾರಿತ ವೈದ್ಯಕೀಯ ಶಿಕ್ಷಣ) ಪಠ್ಯಕ್ರಮ ಬಂತು. ಅದಕ್ಕೂ ಹಿಂದಿನ ಪುಸ್ತಕಗಳಲ್ಲಿ ಎಎನ್, ಪಿವೈ, ಬಿಐ ಅಂತ ಶುರುವಾಗುವ ಕಾಂಪಿಟೆನ್ಸಿ ಸಂಖ್ಯೆಗಳಿಲ್ಲ. ಲಾಗ್‌ಬುಕ್ (ಕಲಿತದ್ದನ್ನು ದಾಖಲಿಸಿ ಸಹಿ ಹಾಕಿಸೋ ಪುಸ್ತಕ) ಅದೇ ಸಂಖ್ಯೆಗಳ ಮೇಲೆ ನಡೆಯೋದು. ಹಳೆ ಪುಸ್ತಕ ಇದ್ದರೆ ಎನ್‌ಎಂಸಿ (ರಾಷ್ಟ್ರೀಯ ವೈದ್ಯಕೀಯ ಆಯೋಗ) ಪಟ್ಟಿ ಇಳಿಸಿಕೊಂಡು ಅಧ್ಯಾಯದ ತಲೆಯಲ್ಲಿ ಪೆನ್ಸಿಲ್‌ನಲ್ಲಿ ಬರೆದುಕೊಳ್ಳಿ.

ಪೇಢಾನಗರಿ

ಕನ್ನಡ ಮಾಧ್ಯಮದ ಬಗ್ಗೆ ಯಾರೂ ಹೇಳವಲ್ರು, ನಾ ಹೇಳ್ತೀನ್ರಿ. ಇಂಗ್ಲಿಷ್ ಅಡ್ಡ ಬರೂದಿಲ್ಲ, ಲ್ಯಾಟಿನ್ ಗ್ರೀಕ್ ಅಡ್ಡ ಬರ್ತಾವ. ಅವು ಕಾನ್ವೆಂಟ್ ಹುಡುಗ್ರಿಗೂ ಹೊಸಾವ ಐತ್ರಿ.

ಎಂಟನೇತ್ತೆ ವ್ಯಾಕರಣದಾಗ ಸಮಾಸ ಬಿಡಿಸ್ತಿದ್ವಲ್ಲ, ಹಂಗ ಬಿಡಿಸಬೇಕು. ಸ್ಟರ್ನೋ-ಕ್ಲೈಡೋ-ಮ್ಯಾಸ್ಟಾಯ್ಡ್: ಸ್ಟರ್ನಮ್‌ನಾಗೂ ಕ್ಲಾವಿಕಲ್‌ನಾಗೂ ಹುಟ್ಟಿ ಮ್ಯಾಸ್ಟಾಯ್ಡ್‌ಗೆ ಹೋಗಿ ಹತ್ತಿದ್ದು. ಫ್ಲೆಕ್ಸರ್ ಡಿಜಿಟೋರಮ್ ಪ್ರೊಫಂಡಸ್: ಮಡಚೂದು, ಬೆರಳಿನದು, ಆಳದ್ದು. ಹೆಸರಿನಾಗ ಒರಿಜಿನ್, ಇನ್ಸರ್ಷನ್, ಕೆಲಸ ಎಲ್ಲಾ ಅಡಗಿರ್ತಾವ. ಈ ಮೂರು ವಾರದಾಗ ದಿನಕ್ಕ ಹದಿನೈದು ಬೇರುಪದ ಕಲಿತ್ರ ಮುನ್ನೂರು ಆಗ್ತಾವ, ಸಾಕಷ್ಟಾತು.

ಒಂದು ಎಚ್ಚರಿಕಿ. ನೋಟ್ಸ್ ಕನ್ನಡ ಲಿಪಿಯೊಳಗ ಬರಕೊಂಡ್ರ ಕೆಲವು ಶಬ್ದ ಒಂದ ಆಗಿಬಿಡ್ತಾವ. ಸೊಂಟದ ಎಲುವೂ ಇಲಿಯಮ್, ಸಣ್ಣಕರುಳಿನ ಕೊನೀ ಭಾಗನೂ ಇಲಿಯಮ್. ಇಂಗ್ಲಿಷ್‌ನಾಗ ಎಲುವಿಗೆ ನಡುವ ಐ ಅಕ್ಷರ, ಕರುಳಿಗೆ ಇ ಅಕ್ಷರ. ಪೆರೋನಿಯಲ್, ಪೆರಿನಿಯಲ್ ಸೈತ ಹಂಗ: ಒಂದು ಕಾಲಿನದು, ಒಂದು ತೊಡಿ ಸಂದಿಯದು. ತಿಳಕೊಳ್ಳೂದು ಕನ್ನಡದಾಗ, ಶಬ್ದ ಬರಿಯೂದು ಇಂಗ್ಲಿಷ್‌ನಾಗ.

ವೈವಾಕ್ಕ ಇಡೀ ವಾಕ್ಯ ಬೇಕಂತಿಲ್ರಿ. "ಟೈಪ್, ಒರಿಜಿನ್, ಇನ್ಸರ್ಷನ್, ನರ್ವ್ ಸಪ್ಲೈ, ಆ್ಯಕ್ಷನ್", ಈ ಕ್ರಮದಾಗ ತುಂಡು ತುಂಡಾಗಿ ಹೇಳಿದ್ರ ಎಕ್ಸಾಮಿನರ್‌ಗೆ ಅದ ಬೇಕಾಗಿರ್ತದ.

ತುಂಗಾತೀರ

ಇಲಿಯಮ್ ವಿಷಯ ಅವಳಿಗೆ ತೋರಿಸಿದೆ, ಈಗಾಗಲೇ ಎರಡನ್ನೂ ಒಂದೇ ಅಂದುಕೊಂಡಿದ್ದಳಂತೆ! ಮೂರು ವಾರಕ್ಕೆ ಬೇರುಪದ ಬಿಟ್ಟು ಇನ್ನೇನು?

ಎರಡನೇಫೇಸು

ಪಿಯುಸಿ ಬಯಾಲಜಿಯ ಮಾನವ ಶರೀರಕ್ರಿಯೆ ಅಧ್ಯಾಯಗಳು, ಜನರಲ್ ಅನಾಟಮಿ ಹ್ಯಾಂಡ್‌ಬುಕ್‌ನ ಮೊದಲ ಕೆಲವು ಅಧ್ಯಾಯ. ಮೀಡಿಯಲ್, ಲ್ಯಾಟರಲ್, ಪ್ರಾಕ್ಸಿಮಲ್, ಡಿಸ್ಟಲ್ ಇವು ನೀರು ಕುಡಿದಷ್ಟು ಸಲೀಸಾಗಬೇಕು. ಅಷ್ಟೇ. ಬ್ರೇಕಿಯಲ್ ಪ್ಲೆಕ್ಸಸ್ (ಕೈಗೆ ಹೋಗುವ ನರಗಳ ಜಾಲ) ಈಗಲೇ ಬಾಯಿಪಾಠ ಮಾಡಿಸಬೇಡಿ, ಎರಡು ವಾರಕ್ಕೆ ಮರೆತುಹೋಗುತ್ತೆ.

ಫ್ಲ್ಯಾಷ್‌ಕಾರ್ಡ್ ಆ್ಯಪ್ ಆಂಕಿ ರೂಢಿಯಾಗಲಿ. ಕಂಪ್ಯೂಟರಲ್ಲೂ ಆಂಡ್ರಾಯ್ಡಲ್ಲೂ ಉಚಿತ. ದಿನಕ್ಕೆ 20ಕ್ಕಿಂತ ಹೆಚ್ಚು ಹೊಸ ಕಾರ್ಡ್ ಹಾಕಿದರೆ ಹತ್ತೇ ದಿನಕ್ಕೆ ಬಾಕಿ ಗುಡ್ಡೆಯಾಗಿ ಆ್ಯಪ್ ತೆಗೆಯೋಕೇ ಬೇಜಾರಾಗುತ್ತೆ. ಬೇರೆಯವರು ಮಾಡಿದ ಸಾವಿರಾರು ಕಾರ್ಡ್‌ಗಳ ಕಟ್ಟು ಇಳಿಸಿಕೊಳ್ಳೋದು ಅದಕ್ಕಿಂತ ದೊಡ್ಡ ತಪ್ಪು.

ಟೇಬಲ್‌ನಂಬರ್4

ಡಿಸೆಕ್ಷನ್ ಕಿಟ್ ಕೊಳ್ಳುವಾಗ: ಸ್ಕಾಲ್ಪೆಲ್ ಹಿಡಿಕೆ 4ಕ್ಕೆ 20ರಿಂದ 24ರ ಬ್ಲೇಡ್ ಕೂರುತ್ತೆ, ಹಿಡಿಕೆ 3ಕ್ಕೆ 10ರಿಂದ 15ರದ್ದು. ಅಂಗಡಿಯವರು ಹಿಡಿಕೆ 3 ಕೊಟ್ಟು 22ರ ಬ್ಲೇಡ್ ಕಟ್ಟಿಕೊಡ್ತಾರೆ, ಕೂರೋದೇ ಇಲ್ಲ. ಬ್ಲೇಡ್ ಹಾಕೋದು, ತೆಗೆಯೋದು ಫೋರ್ಸೆಪ್ಸ್‌ನಿಂದ, ಬೆರಳಿಂದಲ್ಲ. ಹಲ್ಲಿರುವ ಫೋರ್ಸೆಪ್ಸ್ ಒಂದು, ಹಲ್ಲಿಲ್ಲದ್ದು ಒಂದು, ಮೊಂಡು ತುದಿಯ ಕತ್ತರಿ, ಪ್ರೋಬ್. ತುಂಬು ತೋಳಿನ ಕಾಟನ್ ಏಪ್ರನ್ ಎರಡು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ಹಾಲ್‌ಗೆ ಬರಬಾರದು, ಫಾರ್ಮಲಿನ್ ಆವಿಗೆ ಕಣ್ಣು ಉರಿಯುತ್ತೆ.

ಮೊದಲ ದಿನ ಎಲ್ಲರೂ ಮಾಡೋ ತಪ್ಪು: ಚರ್ಮ ಕೊಯ್ಯುವಾಗ ಒಂದೇ ಏಟಿಗೆ ಡೀಪ್ ಫೇಶಿಯಾವರೆಗೆ ಹೋಗೋದು. ಸೆಫಾಲಿಕ್, ಬೆಸಿಲಿಕ್ ವೇನ್‌ಗಳೂ ಚರ್ಮದ ನರಗಳೂ ಇರೋದು ಸೂಪರ್‌ಫಿಶಿಯಲ್ ಫೇಶಿಯಾದಲ್ಲಿ, ಅವು ಚರ್ಮದ ಜೊತೆ ಎದ್ದು ಬಂದುಬಿಡುತ್ತವೆ. ಇನ್ನು ಆಕ್ಸಿಲಾದ (ಕಂಕುಳು) ಕೊಬ್ಬು ತೆಗೆಯೋಕೆ ಬ್ಲೇಡ್ ಮುಟ್ಟಬೇಡಿ. ಮುಚ್ಚಿದ ಕತ್ತರಿಯನ್ನು ನರದ ಉದ್ದಕ್ಕೆ ತೂರಿಸಿ ಮೆಲ್ಲಗೆ ಅಗಲಿಸಬೇಕು. ಅಡ್ಡಡ್ಡ ಅಗಲಿಸಿದರೆ ನರ ಹರಿಯುತ್ತೆ, ಇಡೀ ಟೇಬಲ್‌ಗೆ ವರ್ಷಪೂರ್ತಿ ಆ ನರ ಇರಲ್ಲ.

ಹಿಂದಿನ ರಾತ್ರಿ 20 ನಿಮಿಷ ಕನಿಂಗ್‌ಹ್ಯಾಮ್‌ನ ಆ ದಿನದ ಹೆಜ್ಜೆಗಳು ಮತ್ತು ಅಟ್ಲಾಸ್‌ನ ಎರಡು ಪುಟ ನೋಡಿ ಬಂದವರಿಗೂ ಹಾಗೇ ಬಂದವರಿಗೂ ಟೇಬಲ್ ಬಳಿ ಅಜಗಜಾಂತರ.

ಹಸಿರುಶಾಯಿ

ಫಿಸಿಯಾಲಜಿ ಲ್ಯಾಬ್‌ಗೆ ಪ್ರಾಕ್ಟಿಕಲ್ ಮ್ಯಾನುಯಲ್ ಡಿಪಾರ್ಟ್‌ಮೆಂಟ್ ಹೇಳಿದ್ದೇ ತಗೊಳ್ಳಿ, ಪರೀಕ್ಷೆಯಲ್ಲಿ ಅದೇ ವಿಧಾನ ಕೇಳೋದು. ಎಡವೋದು ಎಲ್ಲಿ ಅಂತ ಹೇಳ್ತೀನಿ.

ಸಾಹ್ಲಿ ವಿಧಾನದ ಹಿಮೋಗ್ಲೋಬಿನ್: ರಕ್ತ 20 ಘನ ಮಿಲಿಮೀಟರ್, ಎನ್/10 ಹೈಡ್ರೋಕ್ಲೋರಿಕ್ ಆಸಿಡ್‌ಗೆ ಹಾಕಿ 10 ನಿಮಿಷ ಕಾಯಬೇಕು. ಮೂರೇ ನಿಮಿಷಕ್ಕೆ ನೀರು ಹಾಕಿದರೆ ಆಸಿಡ್ ಹೆಮಟಿನ್ ಪೂರ್ತಿ ಆಗಿರಲ್ಲ, ಅಂಕಿ ಕಡಿಮೆ ಬರುತ್ತೆ. ಪಿಪೆಟ್ ಹೊರಗೆ ಅಂಟಿದ ರಕ್ತ ಒರೆಸದಿದ್ದರೆ ಹೆಚ್ಚು ಬರುತ್ತೆ. ಬೆರಳು ಹಿಂಡಿದರೆ ಟಿಶ್ಯೂ ಫ್ಲೂಯಿಡ್ ಸೇರಿ ಮತ್ತೆ ಕಡಿಮೆ. ಸ್ಪಿರಿಟ್ ಆರದೆ ಚುಚ್ಚಿದರೆ ರಕ್ತ ಹನಿಯಾಗದೆ ಹರಡಿಬಿಡುತ್ತೆ.

ಆರ್‌ಬಿಸಿ ಎಣಿಕೆ: 0.5 ಗುರುತಿನವರೆಗೆ ರಕ್ತ, 101ರವರೆಗೆ ಹೇಯಂ ದ್ರಾವಣ, ಅಂದರೆ 200 ಪಟ್ಟು. ಕಲಕಿದ ಮೇಲೆ ಮೊದಲ ಎರಡು ಹನಿ ಚೆಲ್ಲಬೇಕು, ಕಾಂಡದಲ್ಲಿ ಉಳಿದದ್ದು ಬರೀ ದ್ರಾವಣ. 80 ಸಣ್ಣ ಚೌಕದ ಮೊತ್ತವನ್ನು 10,000ದಿಂದ ಗುಣಿಸಿ. ಡಬ್ಲ್ಯುಬಿಸಿಗೆ ನಾಲ್ಕು ಮೂಲೆಯ ದೊಡ್ಡ ಚೌಕ, ಗುಣಕ 50. ಈ ಗುಣಕ ಎಲ್ಲಿಂದ ಬಂತು ಅಂತ ವೈವಾದಲ್ಲಿ ಖಂಡಿತ ಕೇಳ್ತಾರೆ: ನಾಲ್ಕು ಚದರ ಮಿಲಿಮೀಟರ್, ಆಳ 0.1, ಒಟ್ಟು 0.4 ಘನ ಮಿಲಿಮೀಟರ್, 20 ಪಟ್ಟು ದುರ್ಬಲ. 20 ಭಾಗಿಸು 0.4, ಸಿಕ್ಕಿತು 50.

ಸ್ಟೆಥೊಸ್ಕೋಪ್ ದುಬಾರಿಯದು ಬೇಡ, ಮೊದಲ ವರ್ಷ ಬಿಪಿ ನೋಡೋದು, ಹೃದಯದ ಎರಡು ಶಬ್ದ ಕೇಳೋದು ಅಷ್ಟೇ. ಕಿವಿಯ ತುದಿಗಳು ಮುಂದಕ್ಕೆ ಬಾಗಿರುವಂತೆ ಹಾಕಿಕೊಳ್ಳಬೇಕು. ಟ್ಯೂನಿಂಗ್ ಫೋರ್ಕ್ ಕೊಂಡರೆ ರಿನ್ನೆ, ವೆಬರ್ ಎಂಬ ಕಿವಿ ಪರೀಕ್ಷೆಗೆ 512 ಹರ್ಟ್ಸ್, ಕಂಪನದ ಅರಿವಿಗೆ 128.

ಮೈಟೊಕಾಂಡ್ರಿಯ

ನಮ್ಮ ಲ್ಯಾಬ್‌ನದೂ ಒಂದು: ಮೂತ್ರದ ಸಕ್ಕರೆ ನೋಡೋ ಬೆನೆಡಿಕ್ಟ್ ಟೆಸ್ಟ್‌ಗೆ 5 ಮಿಲಿ ದ್ರಾವಣಕ್ಕೆ ಮೂತ್ರ 8 ಹನಿ, ಎರಡು ನಿಮಿಷ ಕುದಿ. ಹೀಟ್ ಟೆಸ್ಟ್‌ನಲ್ಲಿ ಬಿಳುಪಾದ ಕೂಡಲೇ "ಪ್ರೋಟೀನ್ ಇದೆ" ಅಂತ ಬರೆಯೋರೇ ಜಾಸ್ತಿ. ಒಂದೆರಡು ಹನಿ ದುರ್ಬಲ ಅಸಿಟಿಕ್ ಆಸಿಡ್ ಹಾಕಿ ನೋಡಿ, ಕರಗಿದರೆ ಅದು ಫಾಸ್ಫೇಟ್.

ತುಂಗಾತೀರ

ಪರೀಕ್ಷೆ ಬಗ್ಗೆ ಒಂದು ಮಾತು ಹೇಳಿ. ರಾಜೀವ್ ಗಾಂಧಿ ವಿವಿಯ ಕಾಲೇಜು.

ಬಿಳಿಕೋಟು

ವಿವಿಯ ವೆಬ್‌ಸೈಟಲ್ಲಿ ಹಳೆ ಪ್ರಶ್ನೆಪತ್ರಿಕೆಗಳಿವೆ. ಮೊದಲ ತಿಂಗಳೇ ಇಳಿಸಿಕೊಂಡು ಓದಿದ ಅಧ್ಯಾಯಕ್ಕೆ ಬಂದ ಪ್ರಶ್ನೆಗಳನ್ನು ಅಂಚಿನಲ್ಲಿ ಗುರುತು ಹಾಕಲಿ. ಮೂರು ಗಂಟೆ, ನೂರು ಅಂಕ, ಅಂದರೆ ಅಂಕಕ್ಕೆ ಎರಡು ನಿಮಿಷವೂ ಇಲ್ಲ. ಹತ್ತು ಅಂಕದ್ದಕ್ಕೆ 18 ನಿಮಿಷ, ಐದರದ್ದಕ್ಕೆ 9, ಮೂರರದ್ದಕ್ಕೆ 5. ಚಿತ್ರವೂ ಅದರೊಳಗೇ. ಭುಜದ ಕೀಲಿಗೆ ಎರಡು ಪುಟ ಬರೆದು ಕೊನೆಯ ಸಣ್ಣ ಪ್ರಶ್ನೆಗಳನ್ನು ಬಿಟ್ಟು ಬರೋದು ಪ್ರತಿ ವರ್ಷದ ಗೋಳು.

ಹಾಜರಿ ಥಿಯರಿಗೆ ಶೇ 75, ಪ್ರಾಕ್ಟಿಕಲ್‌ಗೆ ಶೇ 80. ಮೊದಲ ವರ್ಷದ ಪರೀಕ್ಷೆಗೆ ಒಟ್ಟು ನಾಲ್ಕೇ ಅವಕಾಶ. ಲಾಗ್‌ಬುಕ್ ಸಹಿ ಅವತ್ತವತ್ತೇ ಹಾಕಿಸಬೇಕು, ವರ್ಷದ ಕೊನೆಗೆ ಸಹಿ ಹಾಕಬೇಕಾದವರು ವರ್ಗವಾಗಿರ್ತಾರೆ ಇಲ್ಲ ರಜೆಯಲ್ಲಿರ್ತಾರೆ.

ತುಂಗಾತೀರ

ಸರಿ, ಪಟ್ಟಿ ಇಷ್ಟಾಯಿತು: ಈಗ ಜನರಲ್ ಅನಾಟಮಿ ಹ್ಯಾಂಡ್‌ಬುಕ್ ಒಂದೇ. ಕ್ಲಾಸ್ ಶುರುವಾದ ಮೇಲೆ ಅನಾಟಮಿ ಒಂದು ಸಂಪುಟ, ಹಳೆ ನೆಟ್ಟರ್, ಹಿಸ್ಟಾಲಜಿ, ಫಿಸಿಯಾಲಜಿ ಒಂದು, ಬಯೋಕೆಮಿಸ್ಟ್ರಿ ಹೊಸ ಎಡಿಷನ್. ಗೈಟನ್ ಲೈಬ್ರರಿಯಿಂದ. ಪಟ್ಟಿಯಲ್ಲಿ ಕಮ್ಯುನಿಟಿ ಮೆಡಿಸಿನ್‌ಗೆ ಪಾರ್ಕ್ ಅಂತಲೂ ಇದೆ, ಅದು?

ಎರಡನೇಫೇಸು

ಪಾರ್ಕ್ ಈಗ ಬೇಡ. ಮೊದಲ ವರ್ಷ ಹಳ್ಳಿಗೆ ಹೋಗಿ ಕುಟುಂಬ ದತ್ತು ಕಾರ್ಯಕ್ರಮ ಇರುತ್ತೆ, ಅದಕ್ಕೆ ಡಿಪಾರ್ಟ್‌ಮೆಂಟ್ ಕೊಡೋ ನಮೂನೆ ಸಾಕು. ಬದಲಿಗೆ ಹಿಸ್ಟಾಲಜಿ ಚಿತ್ರಕ್ಕೆ ಎಚ್ ಆ್ಯಂಡ್ ಇ (ಹೆಮಟಾಕ್ಸಿಲಿನ್, ಇಯೋಸಿನ್ ಬಣ್ಣದ) ಪೆನ್ಸಿಲ್ ಸೇರಿಸಿ, ಎರಡು ಜೊತೆ. ಗುಲಾಬಿ ಬೇಗ ಮುಗಿಯುತ್ತೆ.